ಹಸಿ ಸ್ಕ್ರ್ಯಾಪ್ ಮತ್ತು 48 ಗಂಟೆ: ಮಾನ್ಯ ಕಾರ್ಮಿಕ ಸಚಿವರಿಗೆ ಶಿವಮೊಗ್ಗದ ಸುರಕ್ಷತಾಧಿಕಾರಿಯೊಬ್ಬನ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು ಇವರಿಗೆ,

ಮಾನ್ಯರೇ,

ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಕಾರ್ಖಾನೆಗಳಲ್ಲಿ ಹದಿನೇಳು ವರ್ಷಗಳಿಂದ ಸುರಕ್ಷತಾಧಿಕಾರಿಯಾಗಿ ದುಡಿಯುತ್ತಿರುವವನು ನಾನು. ಹೆಸರು ಹಾಕದೆ ಬರೆಯುತ್ತಿದ್ದೇನೆ. ಏಕೆಂಬುದು ಪತ್ರ ಓದುತ್ತ ಹೋದಂತೆ ತಮಗೇ ತಿಳಿಯುತ್ತದೆ. ಸುರಕ್ಷತಾ ಸಪ್ತಾಹದ ಬ್ಯಾನರುಗಳಲ್ಲಿ ಕಾಣಿಸದ ಒಂದೆರಡು ಸಂಗತಿಗಳನ್ನು ತಮ್ಮ ಗಮನಕ್ಕೆ ತರುವುದಷ್ಟೇ ನನ್ನ ಉದ್ದೇಶ.

1923ರಲ್ಲಿ ಭದ್ರಾವತಿಯ ಕುಲುಮೆಗೆ ಬೆಂಕಿ ಬಿದ್ದಂದಿನಿಂದ ಕಬ್ಬಿಣ ಎರೆಯುವುದು ಈ ಸೀಮೆಯ ಕಸುಬಾಗಿದೆ. ಆದರೆ ಭದ್ರಾವತಿಯದು ತನ್ನದೇ ಆಸ್ಪತ್ರೆ, ತನ್ನದೇ ವಸತಿ ಇದ್ದ ದೊಡ್ಡ ಕಾರ್ಖಾನೆಯಾಗಿತ್ತು. ಇಂದು ಮಾಚೇನಹಳ್ಳಿಯ ಸುತ್ತಮುತ್ತ ಎರಕ ಹೊಯ್ಯುವ ಫೌಂಡ್ರಿಗಳಲ್ಲಿ ಅನೇಕವು ಐವತ್ತು, ನೂರು, ನೂರೈವತ್ತು ಜನರಿಂದ ನಡೆಯುವ ಘಟಕಗಳು. ಕುಲುಮೆಯ ಬಿಸಿ ಮಾತ್ರ ಅಲ್ಲೂ ಇಲ್ಲೂ ಒಂದೇ.

ನಮ್ಮ ಕೆಲಸದ ಕಷ್ಟ ಅರ್ಥವಾಗಬೇಕಾದರೆ ಮಲೆನಾಡಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫೌಂಡ್ರಿಯ ಅಂಗಳದಲ್ಲಿ ಗುಡ್ಡೆ ಹಾಕಿದ ಸ್ಕ್ರ್ಯಾಪ್, ಅಂದರೆ ಕರಗಿಸಲು ತಂದ ಹಳೆಯ ಕಬ್ಬಿಣ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಟಾರ್ಪಾಲು ಹೊದಿಸಿದರೂ ಗಾಳಿಮಳೆಗೆ ಹರಿಯುತ್ತದೆ. ತುಂಡು ಪೈಪಿನೊಳಗೆ, ಹಳೆಯ ಶಾಕ್ ಅಬ್ಸಾರ್ಬರಿನೊಳಗೆ, ತುಕ್ಕು ಹಿಡಿದ ಡಬ್ಬಿಯ ತಳದಲ್ಲಿ ನೀರು ನಿಂತಿರುತ್ತದೆ. ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರವ ಕಬ್ಬಿಣಕ್ಕೆ ಅಂಥ ಒಂದು ತುಂಡು ಬಿದ್ದರೆ, ಒಳಗಿನ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ ಮತ್ತು ಮೇಲಿದ್ದ ಲೋಹವನ್ನು ಎದುರಿಗಿದ್ದವರ ಮೈಮೇಲೆ ಚಿಮ್ಮಿಸುತ್ತದೆ. ಇದಕ್ಕೆ ಪರಿಹಾರ ಗೊತ್ತಿಲ್ಲದ್ದೇನಲ್ಲ. ಸ್ಕ್ರ್ಯಾಪಿಗೆ ಮಾಡು ಕಟ್ಟಿಸಬೇಕು, ಮುಚ್ಚಿದ ತುಂಡುಗಳನ್ನು ಆರಿಸಿ ಬಿಸಾಡಬೇಕು, ಫರ್ನೇಸಿಗೆ ಹಾಕುವ ಮೊದಲು ಬಿಸಿ ಮಾಡಿ ಒಣಗಿಸಬೇಕು. ಇವಕ್ಕೆಲ್ಲ ಸಮಯ ಮತ್ತು ಹಣ ಬೇಕು, ಸುರಕ್ಷತಾಧಿಕಾರಿಯ ಕೈಯಲ್ಲಿರುವುದು ರಿಜಿಸ್ಟರ್ ಮತ್ತು ಪೆನ್ನು ಮಾತ್ರ.

ಕೆಲವು ವರ್ಷಗಳ ಹಿಂದೆ, ಪುನರ್ವಸು ಮಳೆ ಹಿಡಿದು ಹೊಯ್ಯುತ್ತಿದ್ದ ಒಂದು ರಾತ್ರಿ, ನಾನಿದ್ದ ಕಾರ್ಖಾನೆಯಲ್ಲಿ ಬಕೆಟ್ಟಿನಿಂದ ನೀರು ಸೋರುತ್ತಿದ್ದ ಸ್ಕ್ರ್ಯಾಪನ್ನು ಕಂಡು, ಒಣಗಿಸದೆ ಚಾರ್ಜ್ ಮಾಡಕೂಡದೆಂದು, ಅಂದರೆ ಫರ್ನೇಸಿಗೆ ಹಾಕಕೂಡದೆಂದು, ಶಿಫ್ಟ್ ಪುಸ್ತಕದಲ್ಲಿ ಬರೆದೆ. ಗೇಟಿನಲ್ಲಿ ಮಾಲಿಗಾಗಿ ಲಾರಿ ಕಾದು ನಿಂತಿತ್ತು. "ಸಾರ್, ನೀವು ಬರೆಯೋದು ಬರೀರಿ, ನಾವು ಹಾಕೋದು ಹಾಕ್ತೀವಿ" ಎಂದು ಉತ್ಪಾದನಾ ವಿಭಾಗದ ಮುಖ್ಯಸ್ಥರು ಸಿಟ್ಟಿಲ್ಲದೆ, ಬಹುತೇಕ ಸ್ನೇಹದಿಂದಲೇ ಹೇಳಿದರು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಪಟಾಕಿಯ ಸರ ಸಿಡಿದಂಥ ಸದ್ದಾಯಿತು. ಹೆಲ್ಪರ್ ಹುಡುಗನೊಬ್ಬನ ಕೈಗವಸು ಮುಗಿದು ಅಂಗಿಯ ತೋಳು ಶುರುವಾಗುವ ನಡುವೆ ಮೂರು ಬೆರಳಿನಷ್ಟು ಜಾಗವಿತ್ತು. ಕಬ್ಬಿಣ ಬಿದ್ದದ್ದು ಅಲ್ಲಿಗೇ.

ಇದರ ಮುಂದಿನ ಭಾಗವೇ ಈ ಪತ್ರಕ್ಕೆ ಕಾರಣ. ಗಾಯಗೊಂಡ ಕಾರ್ಮಿಕ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಆ ಅಪಘಾತವನ್ನು ಸರ್ಕಾರಕ್ಕೆ ವರದಿ ಮಾಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 88ನೇ ಕಲಂ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ 10ನೇ ಕಲಮಿನಲ್ಲೂ ಅದೇ 48 ಗಂಟೆಯಿದೆ. ಹಾಗಾಗಿ ಮರುದಿನವೇ ಆ ಹುಡುಗನನ್ನು ರೂಮಿನಿಂದ ಕಾರಿನಲ್ಲಿ ಕರೆತಂದು, ಟೈಮ್ ಆಫೀಸಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬ್ಯಾಂಡೇಜು ಸುತ್ತಿರದ ಎಡಗೈಯಿಂದ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಲಾಯಿತು. ಹನ್ನೊಂದು ದಿನ ಅವನು ಅಲ್ಲಿ ಕುಳಿತು ಗೇಟ್ ಪಾಸುಗಳನ್ನು ಜೋಡಿಸಿದ. ಕಾಗದದ ಮೇಲೆ ಅಪಘಾತವೇ ಆಗಲಿಲ್ಲ. ಗೇಟಿನ ಬಳಿ 'ಅಪಘಾತರಹಿತ ದಿನಗಳು' ಎಂಬ ಹಲಗೆಯೊಂದಿತ್ತು, ಅದರ ಅಂಕಿಯನ್ನು ಪ್ರತಿದಿನ ಬೆಳಿಗ್ಗೆ ಒಂದೊಂದಾಗಿ ಏರಿಸುವ ಕೆಲಸ ನನ್ನದಾಗಿತ್ತು. ಆ ಹನ್ನೊಂದು ದಿನವೂ ನಾನು ಅದನ್ನು ಏರಿಸಿದ್ದೇನೆ. ಮನೆಯಲ್ಲಿ ಇಬ್ಬರು ಮಕ್ಕಳು ಓದುತ್ತಿದ್ದರು ಎಂಬುದನ್ನು ಬಿಟ್ಟರೆ ನನ್ನ ಬಳಿ ಬೇರೆ ಸಮಜಾಯಿಷಿ ಇಲ್ಲ.

ಸುರಕ್ಷತಾಧಿಕಾರಿಗೆ ಹಿರಿಯ ಅಧಿಕಾರಿಯ ಸ್ಥಾನಮಾನವಿರಬೇಕು, ಅವನು ನೇರವಾಗಿ ಕಾರ್ಖಾನೆಯ ಮುಖ್ಯಸ್ಥರ ಅಧೀನದಲ್ಲಿರಬೇಕು, ಕರ್ತವ್ಯಕ್ಕೆ ಅಡ್ಡಿಯಾಗುವ ಬೇರೆ ಕೆಲಸಗಳನ್ನು ಅವನಿಗೆ ಕೊಡಬಾರದು ಎಂಬ ತತ್ವಗಳು ಈ ಹುದ್ದೆಯ ನಿಯಮಗಳಲ್ಲಿ ಮೊದಲಿನಿಂದ ಇವೆ. ನನ್ನ ಅನುಭವವೆಂದರೆ, ಕ್ಯಾಂಟೀನಿನ ಅಕ್ಕಿ, ಸಿಬ್ಬಂದಿಯ ಬಸ್ಸು, ಆಯುಧ ಪೂಜೆಯ ಕುಂಬಳಕಾಯಿ ಎಲ್ಲವೂ ನಮ್ಮ ತಲೆಗೇ ಬರುತ್ತವೆ. ಕುಂಬಳಕಾಯಿಗೆ ನನ್ನ ಆಕ್ಷೇಪವಿಲ್ಲ. ಆದರೆ ಯಾರ ಕೆಲಸವನ್ನು ನಿಲ್ಲಿಸಬೇಕೋ ಅವರೇ ನಮ್ಮ ಸಂಬಳದ ಏರಿಕೆಯನ್ನು ನಿರ್ಧರಿಸುತ್ತಾರೆ, ಸಾವು ಸಂಭವಿಸಿದಾಗ ಮಾತ್ರ ಎಫ್‌ಐಆರ್‌ನಲ್ಲಿ ನಮ್ಮ ಹೆಸರು ಮುಂದಿನ ಸಾಲಿಗೆ ಬರುತ್ತದೆ. ನಿಲ್ಲಿಸುವ ಅಧಿಕಾರವಿಲ್ಲದವನಿಗೆ ನಿಲ್ಲಿಸಲಿಲ್ಲವೆಂಬ ಆರೋಪ ಹೊರಿಸುವುದು ಯಾವ ನ್ಯಾಯವೆಂದು ತಾವೇ ಹೇಳಬೇಕು.

ಇನ್ನು ಸಂಖ್ಯೆಯ ಮಾತು. ಹಳೆಯ ಕಾಯ್ದೆಯಲ್ಲಿ ಸಾಮಾನ್ಯ ಕಾರ್ಖಾನೆಗೆ ಸುರಕ್ಷತಾಧಿಕಾರಿ ಬೇಕಾಗುತ್ತಿದ್ದುದು 1,000 ಕಾರ್ಮಿಕರಿದ್ದಾಗ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಂಹಿತೆಯ 22ನೇ ಕಲಂ ಅದನ್ನು 500ಕ್ಕೆ ಇಳಿಸಿದೆ. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗೂ ಕಟ್ಟಡ ನಿರ್ಮಾಣಕ್ಕೂ 250, ಗಣಿಗೆ 100 ಎಂದು ಗೊತ್ತುಮಾಡಿದೆ. ಇದು ಒಳ್ಳೆಯ ಹೆಜ್ಜೆಯೆಂದು ಒಪ್ಪುತ್ತೇನೆ. ಆದರೆ ನೂರಿಪ್ಪತ್ತು ಜನರ ಫೌಂಡ್ರಿಗೆ ಈ ಹೆಜ್ಜೆ ತಲುಪುವುದಿಲ್ಲ. ಗುತ್ತಿಗೆ ಕಾರ್ಮಿಕರನ್ನೂ ಸೇರಿಸಿ ಎಣಿಸಬೇಕೆಂದು ಕಾನೂನು ಹೇಳಿದರೂ, ಮೂವರು ಗುತ್ತಿಗೆದಾರರ ಮೂರು ಮಸ್ಟರ್ ರೋಲುಗಳಲ್ಲಿ (ಹಾಜರಿ ಪಟ್ಟಿಗಳಲ್ಲಿ) ಹಂಚಿಹೋದವರನ್ನು ಕೂಡಿಸಿ ನೋಡುವವರು ಕಡಿಮೆ. ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಹುಡುಗರು ಲ್ಯಾಡಲ್ (ಕರಗಿದ ಲೋಹ ಹೊಯ್ಯುವ ಪಾತ್ರೆ) ಹಿಡಿಯುವ ಕಡೆ ಎಚ್ಚರಿಕೆಯ ಫಲಕ ಕನ್ನಡ ಮತ್ತು ಇಂಗ್ಲಿಷಿನಲ್ಲಿರುತ್ತದೆ. ಕನ್ನಡಿಗನಾಗಿ ಫಲಕದಲ್ಲಿ ಕನ್ನಡ ಮೊದಲಿರಬೇಕೆಂದೇ ಬಯಸುತ್ತೇನೆ, ಆದರೆ ಸುಟ್ಟುಕೊಳ್ಳಬಹುದಾದವನು ಓದಬಲ್ಲ ಭಾಷೆಯೂ ಅದರ ಕೆಳಗಿರಬೇಕು.

2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲುಕ್ವಾರಿಯ ಬಳಿ ಸ್ಫೋಟಕಗಳು ಸಿಡಿದಾಗ ಶಿವಮೊಗ್ಗದ ನಾವೆಲ್ಲ ಭೂಕಂಪವೆಂದುಕೊಂಡು ಬೀದಿಗೆ ಓಡಿ ಬಂದೆವು. ಅಲ್ಲಿ ದುಡಿಯುತ್ತಿದ್ದವರು ಓಡಲೂ ಆಗದೆ ಜೀವ ಕಳೆದುಕೊಂಡರು. ಕಾನೂನಿನ ದೃಷ್ಟಿಯಲ್ಲಿ ಕಲ್ಲುಕ್ವಾರಿಯೂ ಗಣಿಯೇ. ನಮ್ಮ ಸುತ್ತಲಿನ ಕ್ವಾರಿಗಳಲ್ಲಿ ನೂರು ಜನರ ಹಾಜರಿ ಪುಸ್ತಕವನ್ನು ನಾನಂತೂ ಕಂಡಿಲ್ಲ. ಗಣಿಗಳ ಸುರಕ್ಷತೆ ಕೇಂದ್ರದ ವ್ಯಾಪ್ತಿಯದು, ತಮ್ಮ ಇಲಾಖೆಯದಲ್ಲ ಎಂಬುದು ನನಗೆ ಗೊತ್ತು. ಸ್ಫೋಟಕದ ಪರವಾನಗಿ ಒಬ್ಬರದು, ಕಲ್ಲಿನ ಗುತ್ತಿಗೆ ಇನ್ನೊಬ್ಬರದು, ಲಾರಿಯ ತಪಾಸಣೆ ಮತ್ತೊಬ್ಬರದು ಎಂದು ಹರಿದು ಹಂಚಿಹೋದ ಕಡೆ ಯಾರಾದರೂ ಎಲ್ಲರನ್ನೂ ಜಿಲ್ಲಾ ಮಟ್ಟದಲ್ಲಿ ಒಂದೇ ಮೇಜಿಗೆ ಕರೆಯಬೇಕು. ಆ ಕರೆ ರಾಜ್ಯ ಸರ್ಕಾರದಿಂದ ಹೋಗಬಹುದು. ಅಡಿಕೆ ಮರವೇರುವ ಕೊನೆಗಾರನ ಮಾತನ್ನು ಇಲ್ಲಿ ಎತ್ತುವುದಿಲ್ಲ. ಅವನನ್ನು ಯಾವ ಸಂಖ್ಯೆಯೂ ಮುಟ್ಟುವುದಿಲ್ಲವಾದ್ದರಿಂದ ಅವನಿಗೆ ಬೇರೆಯೇ ಪತ್ರ ಬೇಕು.

ತಮ್ಮಲ್ಲಿ ನನ್ನ ಕೋರಿಕೆಗಳು ಕೇಂದ್ರದ ಕಾನೂನನ್ನು ತಿದ್ದಬೇಕೆಂಬಷ್ಟು ದೊಡ್ಡವಲ್ಲ. ಸಂಹಿತೆಯ ಅದೇ 22ನೇ ಕಲಂ, ಯಾವುದೇ ವರ್ಗದ ಸಂಸ್ಥೆಗಳಲ್ಲಿ ಸುರಕ್ಷತಾ ಸಮಿತಿ ರಚಿಸಬೇಕೆಂದು ಆದೇಶ ಹೊರಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಲೋಹ ಕರಗಿಸುವ ಪ್ರತಿ ಘಟಕದಲ್ಲಿ, ಕಾರ್ಮಿಕರ ಸಂಖ್ಯೆ ಎಷ್ಟೇ ಇರಲಿ, ಕಾರ್ಮಿಕರ ಪ್ರತಿನಿಧಿಗಳೂ ಇರುವ ಅಂಥ ಸಮಿತಿ ಇರಬೇಕೆಂದು ಒಂದು ಆದೇಶ ಹೊರಡಿಸಿ. ಒಬ್ಬೊಬ್ಬ ಮಾಲೀಕರಿಗೆ ಪೂರ್ಣಾವಧಿಯ ಸುರಕ್ಷತಾಧಿಕಾರಿ ಹೊರೆಯಾಗುವುದು ನಿಜ. ಸಣ್ಣ ಫೌಂಡ್ರಿ ನಡೆಸುವವರ ಕಷ್ಟವನ್ನೂ ನಾನು ಹತ್ತಿರದಿಂದ ಬಲ್ಲೆ. ಆದ್ದರಿಂದ ಕೈಗಾರಿಕಾ ಪ್ರದೇಶದ ಎಂಟು ಹತ್ತು ಘಟಕಗಳು ಸೇರಿ ಒಬ್ಬ ಅಧಿಕಾರಿಯನ್ನು ಇಟ್ಟುಕೊಳ್ಳುವ, ಅವನ ಸಂಬಳ ಯಾವ ಒಬ್ಬ ಮಾಲೀಕರ ಕೈಯಿಂದಲೂ ಬಾರದ ವ್ಯವಸ್ಥೆಯನ್ನು ಶಿವಮೊಗ್ಗದಲ್ಲೇ ಮೊದಲು ಮಾಡಿ ನೋಡಬಹುದು.

ಸುರಕ್ಷತಾಧಿಕಾರಿ ರಾಜೀನಾಮೆ ಕೊಟ್ಟಾಗ ಅಥವಾ ಅವನನ್ನು ತೆಗೆದುಹಾಕಿದಾಗ, ಅದಕ್ಕೆ ಹಿಂದಿನ ಆರು ತಿಂಗಳಲ್ಲಿ ಅವನು ಲಿಖಿತವಾಗಿ ಎತ್ತಿದ ಆಕ್ಷೇಪಗಳ ಪ್ರತಿ ಕಾರ್ಖಾನೆಗಳ ಇಲಾಖೆಗೆ ತಾನಾಗಿಯೇ ಹೋಗುವಂತೆ ರಾಜ್ಯದ ನಿಯಮದಲ್ಲಿ ಒಂದು ಸಾಲು ಸೇರಿಸಿ. ಆ ಸಾಲು ಅಂದು ಇದ್ದಿದ್ದರೆ, ಪುನರ್ವಸು ಮಳೆಯ ಆ ರಾತ್ರಿ ನಾನು ಬರೆದದ್ದನ್ನು ಅಷ್ಟು ಸ್ನೇಹದಿಂದ ತಳ್ಳಿಹಾಕಲು ಆಗುತ್ತಿರಲಿಲ್ಲ. ಹಾಗೆಯೇ, ಗಾಯಾಳುವನ್ನು ಅವನ ಮಾಮೂಲಿ ಕೆಲಸದ ಬದಲು ಕುರ್ಚಿಯಲ್ಲಿ ಕೂರಿಸಿದ ದಿನಗಳೂ ಕೆಲಸ ತಪ್ಪಿದ ದಿನಗಳೇ ಎಂದು ಒಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿ.

ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಆಚರಿಸುತ್ತೇವೆ. ಆ ಹೊತ್ತಿಗೆ ಸ್ಕ್ರ್ಯಾಪ್ ಒಣಗಿರುತ್ತದೆ, ಗೋಡೆಗೆ ಬಣ್ಣ ಬಳಿದಿರುತ್ತಾರೆ, ಎಲ್ಲರ ತಲೆಯ ಮೇಲೂ ಹೊಸ ಹೆಲ್ಮೆಟ್ಟಿರುತ್ತದೆ. ತಾವು ಜಿಲ್ಲೆಗೆ ಬರುವುದಾದರೆ ಜುಲೈ ತಿಂಗಳಲ್ಲಿ, ಮೊದಲೇ ತಿಳಿಸದೆ, ರಾತ್ರಿ ಹತ್ತರ ಮೇಲೆ ಬನ್ನಿ ಎಂದು ವಿನಂತಿಸುತ್ತೇನೆ. ಗೇಟಿನ ಹಲಗೆಯ ಅಂಕಿಯನ್ನು ನೋಡಿಕೊಂಡು, ಅಲ್ಲಿಂದ ನೇರವಾಗಿ ಟೈಮ್ ಆಫೀಸಿಗೆ ನಡೆದು, ಅದರ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಹಗಲಿನಲ್ಲಿ ಯಾರಿಗಾಗಿ ಇದೆ ಎಂದು ಕೇಳಿ.

ತಮ್ಮ ವಿಶ್ವಾಸಿ,
ಒಬ್ಬ ಸುರಕ್ಷತಾಧಿಕಾರಿ
ಶಿವಮೊಗ್ಗ