ಅಮ್ಮ ಜಾದೂಗೆ ಟಿಕೆಟ್ ತಗೊಂಡಿರ್ಲಿಲ್ಲ

ಸಂಪಾದಕರೇ,

ಹೋದ ವಾರ ನಮ್ಮಮ್ಮ ಧರ್ಮಸ್ಥಳಕ್ಕೆ ಹೋಗೋಕೆ ಫೋನಲ್ಲೇ ಬಸ್ ಟಿಕೆಟ್ ಬುಕ್ ಮಾಡಿದ್ರು, ದುಡ್ಡು ಕಟ್ಟಾದ್ಮೇಲೆ ನೋಡಿದ್ರೆ 15 ರೂಪಾಯಿ ಜಾಸ್ತಿ, ಏನೋ ಇನ್ಶೂರೆನ್ಸಂತೆ, ನಾನ್ಯಾವಾಗ ಕೇಳ್ದೆ ಅಂತ ಅಮ್ಮ. ತೆಗೆದು ನೋಡಿದೆ, ಕೆಳಗೆ ಸಣ್ಣಕ್ಷರದಲ್ಲಿ ಅವರೇ ಟಿಕ್ ಹಾಕಿಟ್ಟಿದ್ದಾರೆ, ಮೇಲ್ಗಡೆ ಮಾತ್ರ ‘ಇನ್ನೆರಡೇ ಸೀಟು’ ಅಂತ ಕೆಂಪಗೆ ಮಿಣುಕ್ತಾ ಇದೆ. ಬಸ್ ಹತ್ತಿದ್ರೆ ಅರ್ಧ ಖಾಲಿ! ಚಿಕ್ಕವನಿದ್ದಾಗ ಸಿದ್ಧಗಂಗೆ ಜಾತ್ರೆಲಿ ನೋಡಿದ್ದ ಜಾದೂಗಾರ ನೆನಪಾದ, ಬಲಗೈ ಮೇಲೆತ್ತಿ ಜೋರಾಗಿ ಮಾತಾಡೋನು, ಅಷ್ಟ್ರಲ್ಲಿ ಎಡಗೈಲಿದ್ದ ನಾಣ್ಯ ಮಾಯ.

ನಾನೂ ಆಪ್ ಸ್ಕ್ರೀನ್ ಡಿಸೈನ್ ಮಾಡಿ ಹೊಟ್ಟೆ ಹೊರೆಯೋನೇ, ಅದಕ್ಕೇ ಬರೀತಿರೋದು. ಆಪಲ್ ಕಂಪನಿಲಿ ಶುರುವಿನ ಕಾಲದಲ್ಲಿ ಕೆಲಸ ಮಾಡಿದ್ದ ಬ್ರೂಸ್ ಟೊಗ್ನಾಜಿನಿ ಅನ್ನೋರು 1993ರಲ್ಲೇ ಸ್ಟೇಜ್ ಜಾದೂ ತಂತ್ರಗಳನ್ನ ಕಂಪ್ಯೂಟರ್ ಪರದೆಗೆ ಹೇಗೆ ತರಬಹುದು ಅಂತ ಪ್ರಬಂಧ ಬರೆದಿದ್ರು, ಅದರಲ್ಲಿ ಜಾದೂಗಾರನ ನೀತಿ ಬಗ್ಗೆನೂ ಇತ್ತು, ಆ ಭಾಗ ನಮ್ಮೋರು ಬಿಟ್ಟು ಓದಿದಂಗಿದೆ. ಕಣ್ಕಟ್ಟು ನಾವೂ ದಿನಾ ಮಾಡ್ತೀವಿ. ನೀವು ಕಳಿಸಿದ ಮೆಸೇಜ್ ಸರ್ವರ್‌ಗೆ ಮುಟ್ಟೋ ಮುಂಚೆನೇ ನಿಮ್ಮ ಪರದೆ ಮೇಲೆ ಕೂತಿರುತ್ತೆ, ಫೋಟೋ ಬರೋ ಮೊದಲು ಬೂದು ಬಣ್ಣದ ಚೌಕ ತೋರಿಸಿ ಇನ್ನೇನು ಬಂತು ಅನ್ನಿಸ್ತೀವಿ, ಯಾಕಂದ್ರೆ ಸುಮ್ನೆ 10 ಸೆಕೆಂಡ್ ಕಾಯಿಸಿದ್ರೆ ಜನರ ಗಮನ ಬೇರೆ ಕಡೆ ಹೋಗುತ್ತೆ. ಇದ್ರಿಂದ ಯಾರಿಗೂ ನಷ್ಟ ಇಲ್ಲ. ಆದ್ರೆ ಇದೇ ಆಟನ ಪೇಮೆಂಟ್ ಸ್ಕ್ರೀನಲ್ಲಿ ಆಡಿ, ದುಡ್ಡು ಹೋಗೋ ಮುಂಚೆನೇ ‘ಆಯ್ತು’ ಅಂತ ಹಸಿರು ಟಿಕ್ ತೋರಿಸಿದ್ರೆ ಅಂಗಡಿಯೋನ ಗತಿ?

ಜಾತ್ರೆಲಿ ಜಾದೂ ನೋಡೋನು ಮೋಸ ಹೋಗೋಕೆ ಅಂತ್ಲೇ ದುಡ್ಡು ಕೊಟ್ಟು ಒಳಗೆ ಹೋಗ್ತಾನೆ, ಆಟ ಮುಗಿದ್ಮೇಲೆ ಅವನ ವಾಚು ಅವನಿಗೆ ವಾಪಸ್. ನಮ್ಮಮ್ಮ ತಗೊಂಡಿದ್ದು ಬಸ್ಸಿನ ಟಿಕೆಟ್.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಇಂಥ 13 ಬಗೆ ‘ಡಾರ್ಕ್ ಪ್ಯಾಟರ್ನ್’, ಅಂದ್ರೆ ಗ್ರಾಹಕರನ್ನ ಯಾಮಾರಿಸೋ ಡಿಸೈನ್‌ಗಳನ್ನ ಪಟ್ಟಿ ಮಾಡಿ ನಿಷೇಧ ಹಾಕಿದೆ, ಸುಳ್ಳು ಅವಸರ ಹುಟ್ಟಿಸೋದು, ಕೇಳದೇ ಬಿಲ್ಲಿಗೆ ಸೇರಿಸೋದು ಎರಡೂ ಅದ್ರಲ್ಲಿವೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದ್ರೆ ಇದು ಮೋಸ ಅಂತ ಗೊತ್ತಾದ್ರೆ ತಾನೇ ಫೋನ್ ಮಾಡೋದು? ನೀವು ವಾರಕ್ಕೊಂದರಂತೆ ಆ 13ನ್ನೂ ಸ್ಕ್ರೀನ್ ಚಿತ್ರದ ಸಮೇತ ಹಾಕಿ ಸಾರ್, ಅಮ್ಮ ನಿಮ್ಮ ಪೇಪರಿನ ಅಡುಗೆ ಕಾಲಮ್ಮನ್ನೇ ಕತ್ತರಿಸಿ ಇಟ್ಕೊಳ್ತಾರೆ, ಇದನ್ನೂ ಇಟ್ಕೋತಾರೆ.

– ಒಬ್ಬ ಓದುಗ, ತುಮಕೂರು