ಮೆಂತ್ಯದಿಂದ ಸುರು ಮಾಡು, ದೋಸ್ತ

ದೋಸ್ತ,

ನೀನು ಕಳಿಸಿದ ಬೆಂಡೆಕಾಯಿ ಪಲ್ಯದ ಫೋಟೋ ನೋಡಿದೆ. ಎಲ್ಲ ಅಂಟಿಕೊಂಡು ಒಂದೇ ಗಡ್ಡೆಯಾಗಿದೆ. ಬೇಜಾರು ಮಾಡಿಕೊಳ್ಳಬೇಡ, ಕಾರಣ ತುಂಬಾ ಸಣ್ಣದು. ಹೆಚ್ಚಿದ ಮೇಲೆ ತೊಳೆದಿರಬೇಕು ನೀನು. ಬೆಂಡೆಕಾಯಿಯ ಲೋಳೆಗೆ ನೀರು ಸೇರಿದರೆ ಅದು ಇನ್ನೂ ಜಾಸ್ತಿಯಾಗುತ್ತದೆ. ಮೊದಲು ತೊಳೆ, ಒಣ ಬಟ್ಟೆಯಲ್ಲಿ ಒಂದೊಂದನ್ನೂ ಒರೆಸು, ಆಮೇಲೆ ಹೆಚ್ಚು. ಅಗಲವಾದ ಕಡಾಯಿ ಇಡು. ಮುಚ್ಚಳ ಮುಚ್ಚಬೇಡ, ಆವಿ ಹೊರಗೆ ಹೋಗಬೇಕು. ಉಪ್ಪು ಕೊನೆಗೆ ಹಾಕು. ಕೊನೆಯಲ್ಲಿ ಅರ್ಧ ಲಿಂಬೆಹಣ್ಣು ಹಿಂಡಿದರೆ ಉಳಿದ ಅಂಟೂ ಹೋಗುತ್ತದೆ. ಇಷ್ಟೇ.

ಖಾನಾವಳಿ ಊಟ ಹೊಟ್ಟೆಗೆ ಹಿಡಿಸುತ್ತಿಲ್ಲ, ಒಂದೆರಡು ತರಕಾರಿ ಅಡುಗೆ ಹೇಳಿಕೊಡು, ಎಣ್ಣೆಗಾಯಿಯನ್ನಂತೂ ಬಿಡಬೇಡ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಇನ್ನರ್ಧಕ್ಕೆ ಕ್ರಿಕೆಟ್ ಶುರು ಮಾಡುತ್ತೀಯ. ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆಂದು ಸಿಟ್ಟಾಗಬೇಡ. ಊರು ಬಿಟ್ಟು ಒಬ್ಬರೇ ರೂಮು ಮಾಡಿಕೊಂಡ ಹುಡುಗರು ನಮ್ಮಲ್ಲಿ ಬಹಳ ಇದ್ದಾರೆ, ಅವರಿಗೂ ಉಪಯೋಗವಾಗಲಿ. ಪಂಚಮಿ ದಿನದ ಉಪ್ಪಿಟ್ಟಿನ ವಿಷಯ ಎಲ್ಲೂ ಎತ್ತುವುದಿಲ್ಲ, ಮಾತು ಕೊಟ್ಟಿದ್ದೇನಲ್ಲ.

ಮೊದಲು ಸಾಮಾನು. ದಪ್ಪ ತಳದ ಕಡಾಯಿ ಒಂದು, ಬೋಗಣಿ ಒಂದು, ಹರಿತ ಚಾಕು ಒಂದು, ಬಳ್ಳೊಳ್ಳಿ ಜಜ್ಜಲು ಸಣ್ಣ ಕಲ್ಲು. ತೆಳು ಕಡಾಯಿ ಮಾತ್ರ ತಗೋಬೇಡ, ಒಗ್ಗರಣೆ ಹಾಕುವಷ್ಟರಲ್ಲಿ ಎಲ್ಲ ಸೀದುಹೋಗುತ್ತದೆ. ಡಬ್ಬಿಗಳಲ್ಲಿ ಸಾಸಿವೆ, ಜೀರಿಗೆ, ಅರಿಶಿಣ, ಮಸಾಲಿ ಖಾರ, ಶೇಂಗಾ ಪುಡಿ, ಗುರೆಳ್ಳು (ಹುಚ್ಚೆಳ್ಳು) ಪುಡಿ ಇರಲಿ. ಪುಡಿಗಳನ್ನು ನಾನೇ ಕಳಿಸುತ್ತೇನೆ. ರೊಟ್ಟಿ ಬಡಿಯಲು ಈಗಲೇ ಹೋಗಬೇಡ. ನೀನಿರುವ ಯಾದಗಿರಿಯಲ್ಲೂ ಖಡಕ್ ರೊಟ್ಟಿ ಮಾರುವವರಿದ್ದಾರೆ, ಒಂದು ಕಟ್ಟು ತಂದು ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಇನ್ನು ಅಡುಗೆ. ನನ್ನ ಮಾತು ಕೇಳು, ಮೆಂತ್ಯದಿಂದ ಸುರು ಮಾಡು. ಈಗ ಚಳಿಗಾಲ, ತಪ್ಪಲು ಪಲ್ಯಗಳ, ಅಂದರೆ ಸೊಪ್ಪಿನ, ಕಾಲ. ಸಂಜೆ ಮಾರ್ಕೆಟ್ಟಿಗೆ ಹೋದರೆ ಸೂಡು ಸೂಡು ಹಚ್ಚಗೆ ರಾಶಿ ಬಿದ್ದಿರುತ್ತದೆ. ಎಲೆ ಸಣ್ಣದಿರುವ, ಕಡ್ಡಿ ಎಳೆಯದಾಗಿರುವ ಸೂಡು ಆರಿಸು.

ಮೊದಲ ದಿನ ಒಲೆಯನ್ನೇ ಹಚ್ಚಬೇಡ. ಹಸಿ ಮೆಂತ್ಯ ಸಣ್ಣಗೆ ಹೆಚ್ಚು. ಒಂದು ಉಳ್ಳಾಗಡ್ಡಿ, ಒಂದು ಎಳೆ ಸವತೆಕಾಯಿ ಹೆಚ್ಚಿ ಹಾಕು. ಎರಡು ಚಮಚ ಗುರೆಳ್ಳು ಪುಡಿ, ಉಪ್ಪು, ಒಂದು ಚಮಚ ಹಸಿ ಎಣ್ಣೆ. ಕೈಯಿಂದಲೇ ಕಲಸು. ಪಚಡಿ ಆಯಿತು. ಉಪ್ಪು ಹಾಕಿ ಜಾಸ್ತಿ ಹೊತ್ತು ಇಡಬೇಡ, ಸವತೆಕಾಯಿ ನೀರು ಬಿಡುತ್ತದೆ. ತಟ್ಟೆಗೆ ರೊಟ್ಟಿ ಮುರಿದುಕೊಂಡ ಮೇಲೆಯೇ ಕಲಸು. ಒಂದು ಕಪ್ ಮೊಸರು ಪಕ್ಕದಲ್ಲಿದ್ದರೆ ಅದೇ ರಾತ್ರಿ ಊಟ.

ಮರುದಿನ ಮೆಂತ್ಯ ಬ್ಯಾಳಿ ಪಲ್ಯ ಮಾಡು. ಅರ್ಧ ಕಪ್ ತೊಗರಿಬೇಳೆ ತೊಳೆದು ಅರ್ಧ ಗಂಟೆ ನೆನೆಸಿಡು. ಕುಕ್ಕರ್ ಬೇಡ, ಸೀಟಿ ಲೆಕ್ಕ ತಪ್ಪಿದರೆ ಬೇಳೆ ಗಂಜಿಯಾಗುತ್ತದೆ. ಬೋಗಣಿಯಲ್ಲಿ ಮೂರು ಪಟ್ಟು ನೀರು, ಚಿಟಿಕೆ ಅರಿಶಿಣ ಹಾಕಿ ಬೇಯಿಸು. ಕುದಿ ಬಂದ ಮೇಲೆ ಸುಮಾರು 20 ನಿಮಿಷ. ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ನೋಡಿದರೆ ಬೇಳೆ ಬೇಳೆಯಾಗಿಯೇ ಕಾಣಬೇಕು. ಉಳಿದ ನೀರು ಬಸಿದು ಇಟ್ಟುಕೋ, ಚೆಲ್ಲಬೇಡ. ಅದಕ್ಕೆ ಹುಣಸೆಹಣ್ಣು, ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಅನ್ನಕ್ಕೆ ಕಟ್ಟಿನ ಸಾರು.

ಕಡಾಯಿಯಲ್ಲಿ ಎರಡು ಚಮಚ ಎಣ್ಣೆ. ಸಾಸಿವೆ ಪೂರ್ತಿ ಸಿಡಿದು ನಿಂತ ಮೇಲೆ ಜೀರಿಗೆ, ಜಜ್ಜಿದ ಬಳ್ಳೊಳ್ಳಿ ಏಳೆಂಟು ಎಸಳು, ಸೀಳಿದ ಹಸಿಮೆಣಸಿನಕಾಯಿ. ಬಳ್ಳೊಳ್ಳಿಗೆ ತುಸು ಕೆಂಪು ಬಣ್ಣ ಬಂದ ಕೂಡಲೇ ಮೆಂತ್ಯ ಹಾಕು, ಕಪ್ಪಾಗುವ ತನಕ ಕಾಯಬೇಡ. ಕಡಾಯಿ ತುಂಬಿ ಹೊರಗೆ ಚೆಲ್ಲುವಷ್ಟಿದ್ದ ಸೊಪ್ಪು ಎರಡೇ ನಿಮಿಷಕ್ಕೆ ಒಂದು ಹಿಡಿಯಷ್ಟಾಗುತ್ತದೆ. ಉಪ್ಪನ್ನು ಆಗ ಹಾಕು, ಮೊದಲೇ ಹಾಕಿದರೆ ಅಂದಾಜು ಸಿಗದೆ ಉಪ್ಪುಪ್ಪಾಗುತ್ತದೆ. ಆಮೇಲೆ ಬೇಳೆ ಹಾಕಿ ಮೆಲ್ಲಗೆ ತಿರುವಿ ಐದು ನಿಮಿಷ ಮುಚ್ಚಿಡು. ಕೆಳಗಿಳಿಸುವಾಗ ಒಂದು ಚಮಚ ಶೇಂಗಾ ಪುಡಿ. ಮೆಂತ್ಯದ ಕಹಿ ಇರುತ್ತದೆ, ಇರಲಿ. ಆ ಕಹಿ ಇಲ್ಲದಿದ್ದರೆ ಅದನ್ನು ತಿನ್ನುವುದಾದರೂ ಯಾಕೆ?

ಬೇಳೆ ತಗೊಳ್ಳುವಾಗ ತುಂಬಾ ಮಿಂಚುವುದನ್ನು ತಗೋಬೇಡ. ಇದು ನನ್ನ ಮಾತಲ್ಲ, ಅಪ್ಪನ ಮಾತು. ಅಪ್ಪ ಇಲ್ಲಿ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆದವರು ಅಂತ ನಿನಗೆ ಗೊತ್ತೇ ಇದೆ. ಪಾಲಿಶ್ ಮಾಡಿದ ಬೇಳೆಗೆ ಎಣ್ಣೆಯೋ ನೀರೋ ಸವರಿ ಹೊಳಪು ತಂದಿರುತ್ತಾರೆ. ಸ್ವಲ್ಪ ಮಂಕಾಗಿ ಕಾಣುವ ಬೇಳೆಯೇ ರುಚಿ. ಹಳೇ ಬೇಳೆ ಬೇಯುವುದು ತಡ, ಅದನ್ನೂ ಕೇಳಿ ತಗೋ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತಲ್ಲ, ಆ ಸುದ್ದಿ ಬಂದ ದಿನ ಅಪ್ಪ ಏನೂ ಹೇಳಿರಲಿಲ್ಲ. ಪೇಪರ್ ಮಡಚಿಟ್ಟು ಎದ್ದು ಹೋಗಿದ್ದರು. ಅವರು ಯಾವತ್ತೂ ಹಾಗೇ ಅಲ್ವಾ? ನಮ್ಮ ಮನೆಗೆ ನೀನು ಎಷ್ಟು ಸಲ ಬಂದಿದ್ದೀಯ, ಅವರ ಬಾಯಿಂದ 'ಊಟ ಆಯ್ತಾ' ಬಿಟ್ಟು ಬೇರೆ ಏನಾದರೂ ಕೇಳಿದ್ದೀಯಾ?

ಈಗ ಮಾತಾಡುತ್ತಾರೆ, ದೋಸ್ತ.

ಅವ್ವ ತಂಗಿಯ ಬಾಣಂತನಕ್ಕೆ ಅಂತ ಬೀದರಿಗೆ ಹೋಗಿದ್ದಾಳೆ. ಮನೆಯಲ್ಲಿ ನಾವಿಬ್ಬರೇ. ಅಡುಗೆ ನನ್ನದು. ಒಂದು ಸಂಜೆ ಮೆಂತ್ಯದ ಸೂಡು ಬಿಚ್ಚಿ ನೆಲದ ಮೇಲೆ ಪೇಪರ್ ಹಾಸಿ ಕೂತಿದ್ದೆ. ಅಪ್ಪ ನೀರು ಕುಡಿಯಲು ಬಂದವರು ಹಾಗೇ ನಿಂತರು. ಆಮೇಲೆ ಮಣೆ ಎಳೆದುಕೊಂಡು ಎದುರಿಗೆ ಕೂತರು. ನಾನು ಏನೂ ಅನ್ನಲಿಲ್ಲ. ಒಂದು ಸೂಡು ಆಚೆ ಸರಿಸಿದೆ. ಅವರು ಒಂದೊಂದೇ ಕಡ್ಡಿ ತಗೊಂಡು ಎಲೆ ಬಿಡಿಸತೊಡಗಿದರು. ಹಳದಿ ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ, ಹಸಿರು ಎಲೆ ಒಂದು ಕಡೆ. ಲೆಕ್ಕದ ಮನುಷ್ಯರಲ್ವಾ!

ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಕೇಳಿದರು: 'ಇಷ್ಟೂ ನಿಮ್ಮವ್ವ ಒಬ್ಬಾಕಿನೇ ಸೋಸ್ತಿದ್ಲೇನು?'

ಹೌದು ಅಂದೆ.

'ದಿನಾ?'

ಬಹುಶಃ ದಿನಾ, ಅಂದೆ. ಅವರು ಮತ್ತೆ ಏನೂ ಕೇಳಲಿಲ್ಲ. ಆದರೆ ಮರುದಿನವೂ ಬಂದು ಕೂತರು. ಅವತ್ತು ಮಿಲ್ಲಿನ ಕಥೆ ಹೊರಬಿತ್ತು. ತೊಗರಿ ಸುಗ್ಗಿಯಲ್ಲಿ ಗಂಜ್ ಮಾರ್ಕೆಟ್ಟಿನ ತುಂಬಾ ಲಾರಿಗಳು, ಮಿಲ್ಲಿನಲ್ಲಿ ಹಗಲು ರಾತ್ರಿ ಕೆಲಸ. ಮಧ್ಯಾಹ್ನ ಹಮಾಲರ ಜೊತೆ ಕೂತು ಎಲ್ಲರೂ ಬುತ್ತಿ ಬಿಚ್ಚುತ್ತಿದ್ದರಂತೆ. ಅವ್ವ ಕಟ್ಟಿದ ಪಲ್ಯವನ್ನು ಅವರೆಲ್ಲ ಹಂಚಿಕೊಂಡರೆ, ಅಪ್ಪನಿಗೆ ಒಬ್ಬ ಹಮಾಲನ ಮನೆಯ ಪುಂಡಿ ಅನ್ನುವ ಹುಳಿ ಸೊಪ್ಪಿನ ಪಲ್ಯವೇ ಆಗಬೇಕಿತ್ತಂತೆ. ಜೋಳದ ನುಚ್ಚು ಹಾಕಿ ಗಟ್ಟಿಯಾಗಿ ಮಾಡಿದ್ದು, ಮೇಲೆ ಹಸಿ ಎಣ್ಣೆ, ಹಸಿ ಉಳ್ಳಾಗಡ್ಡಿ. ಆ ಮನುಷ್ಯ ತೀರಿಕೊಂಡ ದಿನ ಅಪ್ಪ ಮನೆಗೆ ಬಂದು ಊಟ ಬೇಡ ಅಂದಿದ್ದರಂತೆ. ಯಾಕೆ ಅಂತ ನಾವು ಯಾರೂ ಕೇಳಲಿಲ್ಲವಂತೆ. ನಾನು ಆಗ ಶಾಲೆಯಲ್ಲಿದ್ದೆ. ಅವತ್ತಿನ ನೆನಪೇ ನನಗಿಲ್ಲ.

ಆಮೇಲೆ ಪುಂಡಿ ತಂದೆ. ಪುಂಡಿಯನ್ನು ಬೇಳೆಯ ಜೊತೆ ಸೇರಿಸಿ ಬೇಯಿಸಬೇಡ, ಇದನ್ನು ನೆನಪಿಡು. ಹುಳಿ ಸೇರಿದರೆ ಬೇಳೆ ಮೆತ್ತಗಾಗುವುದು ತಡ. ಬೇಳೆ, ನುಚ್ಚು ಒಂದು ಬೋಗಣಿಯಲ್ಲಿ, ಪುಂಡಿ ಇನ್ನೊಂದರಲ್ಲಿ. ಎರಡೂ ಬೆಂದ ಮೇಲೆ ಒಂದುಗೂಡಿಸಿ ಸೌಟಿನ ಹಿಂಬದಿಯಿಂದ ಚೆನ್ನಾಗಿ ಮಸೆದು ಬಳ್ಳೊಳ್ಳಿ ಒಗ್ಗರಣೆ ಕೊಡು. ಅಪ್ಪ ಎರಡು ರೊಟ್ಟಿ ಜಾಸ್ತಿ ತಿಂದರು.

ಈಗ ನಾನು ಏನು ಮಾಡುತ್ತಿದ್ದೇನೆ ಗೊತ್ತಾ? ತರಕಾರಿ ತರುವಾಗ ಬೇಗ ಆಗುವಂಥದ್ದನ್ನು ತರುವುದೇ ಇಲ್ಲ. ಹೀರೇಕಾಯಿ, ಬದನೆಕಾಯಿ ಮುಂದೆ ನಿಲ್ಲದೆ ನೇರ ಸೊಪ್ಪಿನವರ ಹತ್ತಿರ ಹೋಗುತ್ತೇನೆ. ಮೆಂತ್ಯ, ರಾಜಗಿರಿ, ಸಬ್ಬಸಗಿ. ಸೋಸಲು ಹೊತ್ತು ಹಿಡಿಯುವುದೇ ಬೇಕು ನನಗೆ. ಸಿಪ್ಪೆ ಬಿಡಿಸುವ ಹಸಿ ತೊಗರಿಕಾಯಿ ಬಂದಿವೆ ಈಗ, ಅದಂತೂ ಒಂದು ಕಿಲೋ ತಂದರೆ ಒಂದು ಗಂಟೆ ಮಾತು.

ಮೊನ್ನೆ ಅವ್ವ ಫೋನ್ ಮಾಡಿ, ಇನ್ನೇನು ಎಳ್ಳ ಅಮಾವಾಸ್ಯೆಗೆ ಬಂದೇಬಿಡ್ತೀನಿ ಅಂದಳು. ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮೊದಲು, ಒಂದು ಕ್ಷಣ, ಇನ್ನೂ ಸ್ವಲ್ಪ ದಿನ ಅಲ್ಲೇ ಇರಲಿ ಅನ್ನಿಸಿತು. ನನ್ನವ್ವನ ಬಗ್ಗೆ, ದೋಸ್ತ. ಅವಳು ಬಂದರೆ ಅಡುಗೆಮನೆ ಮತ್ತೆ ಅವಳದು, ಅಪ್ಪ ಮತ್ತೆ ಹೊರಗೆ ಕುರ್ಚಿಯಲ್ಲಿ, ನಾನು ಮತ್ತೆ ಫೋನಿನಲ್ಲಿ. ಹಾಗಾಗುತ್ತದೆ ಅನ್ನುವ ಭಯ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ಇಷ್ಟು ಮಾತು ಈ ಮನುಷ್ಯನ ಒಳಗಿತ್ತು. ಎದುರಿಗೆ ಇಷ್ಟು ವರ್ಷ ಅವ್ವ ಒಬ್ಬಳೇ ಕೂತು ಸೋಸುತ್ತಿದ್ದಳು. ಒಂದು ಮಣೆಯಷ್ಟೇ ದೂರ. ಅವಳಿಗೆ ಸಿಗಬೇಕಾಗಿದ್ದ ಮಾತುಗಳನ್ನು ನಾನು ತಿನ್ನುತ್ತಿದ್ದೇನೆ ಅನ್ನಿಸಿ ರಾತ್ರಿ ನಿದ್ದೆ ಬರುವುದಿಲ್ಲ. ಅವಳು ಬಂದ ಮೇಲೆ ಅಪ್ಪ ಅವಳ ಎದುರಿಗೂ ಹೀಗೇ ಬಂದು ಕೂರುತ್ತಾರಾ? ಕೇಳಲು ಧೈರ್ಯ ಇಲ್ಲ. ಕೇಳಿದರೆ ನಾಳೆಯಿಂದ ನನ್ನ ಎದುರಿಗೂ ಕೂರದಿದ್ದರೆ?

ಎಲ್ಲಿಂದ ಎಲ್ಲಿಗೆ ಬಂದೆ ನೋಡು! ನೀನು ಕೇಳಿದ್ದು ಎಣ್ಣೆಗಾಯಿ. ತಂಗಿ ಇದನ್ನು ಓದಿ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳುವವಳೇ. ತಂಗೀ, ಹಮಾಲರ ಪುಂಡಿ ಪಲ್ಯದ ಭಾಗ ಒಂದು ಬಿಟ್ಟು ಓದವ್ವ, ಪುಣ್ಯ ಬರ್ತದ.

ಎಣ್ಣೆಗಾಯಿಗೆ ಗಡಿಬಿಡಿ ಬೇಡ. ಮೊದಲು ಬರೀ ಬದನೆಕಾಯಿ ಪಲ್ಯ ಕೈಗೆ ಹತ್ತಲಿ. ಹೆಚ್ಚಿದ ಹೋಳನ್ನು ಉಪ್ಪು ನೀರಿನಲ್ಲಿ ಹಾಕುತ್ತ ಹೋಗು, ಕಪ್ಪಾಗುವುದಿಲ್ಲ. ಬದನೆಕಾಯಿ ಹಾಕಿದಷ್ಟೂ ಎಣ್ಣೆ ಕುಡಿಯುತ್ತದೆ, ಅದು ಕುಡಿಯಿತೆಂದು ಮತ್ತೆ ಮತ್ತೆ ಸುರಿಯಬೇಡ. ಮುಚ್ಚಳ ಮುಚ್ಚು, ಮುಚ್ಚಳದ ಮೇಲೆ ಸ್ವಲ್ಪ ನೀರು ನಿಲ್ಲಿಸು, ಉರಿ ಸಣ್ಣ ಮಾಡು. ಒಳಗಿನ ಆವಿಯಲ್ಲೇ ಬೇಯುತ್ತದೆ. ಖಾರದ ಪುಡಿ ಕಾದ ಎಣ್ಣೆಗೆ ನೇರ ಬೀಳಬಾರದು, ಸುಟ್ಟು ಕೆಮ್ಮು ಬರುತ್ತದೆ. ತರಕಾರಿ ಬಿದ್ದ ಮೇಲೆ ಹಾಕು.

ಅದು ಸರಿಯಾಗಿ ಬಂತೆಂದರೆ ಎಣ್ಣೆಗಾಯಿ ದೂರವಿಲ್ಲ. ಸಣ್ಣ ಗುಂಡು ಬದನೆಕಾಯಿ ಎಂಟು ತಗೋ. ತೊಟ್ಟು ಬಿಟ್ಟು ನಾಲ್ಕಾಗಿ ಸೀಳು, ಪೂರ್ತಿ ಬೇರೆಯಾಗಬಾರದು. ಸೀಳಿದ ಮೇಲೆ ಒಳಗೆ ಹುಳ ಇದೆಯಾ ನೋಡು. ಹುರಿದ ಶೇಂಗಾ ಅರ್ಧ ಕಪ್, ಎಳ್ಳು ಮತ್ತು ಗುರೆಳ್ಳು ಒಂದೊಂದು ಚಮಚ, ಸ್ವಲ್ಪ ಒಣ ಕೊಬ್ಬರಿ, ಮಸಾಲಿ ಖಾರ, ಉಪ್ಪು ತರಿತರಿಯಾಗಿ ಪುಡಿ ಮಾಡು. ಹುಣಸೆ ರಸ, ಚೂರು ಬೆಲ್ಲ ಸೇರಿಸಿ ಕಲಸಿ ಒತ್ತಿ ತುಂಬು. ಉಳಿದ ಮಸಾಲೆಯನ್ನು ನೀರಿನಲ್ಲಿ ಕರಗಿಸಿ, ಕಾಯಿ ಅರ್ಧ ಬೆಂದ ಮೇಲೆ ಸುತ್ತ ಹಾಕು. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಇಳಿಸು. ಮರುದಿನ ಇನ್ನೂ ರುಚಿ. ಆದರೆ ಬೇಸಿಗೆಯಲ್ಲಿ, ನಮ್ಮ 42 ಡಿಗ್ರಿಯಲ್ಲಿ, ಮರುದಿನಕ್ಕೆ ಏನನ್ನೂ ಹೊರಗಿಡಬೇಡ.

ಅಮಾವಾಸ್ಯೆಯ ಹಿಂದಿನ ದಿನ ರಜೆ ಹಾಕಿ ಸಂಜೆ ರೈಲಿಗೆ ಬಂದುಬಿಡು. ಹೊಲಕ್ಕೆ ಚರಗ, ಅಂದರೆ ಭೂತಾಯಿಗೆ ಚೆಲ್ಲುವ ನೈವೇದ್ಯ, ಒಯ್ಯಲು ಭಜ್ಜಿ ಮಾಡಬೇಕು. ಹಸಿ ತೊಗರಿ ಕಾಳು, ಹಸಿ ಕಡಲೆ, ಬಟಾಣಿ, ಗಜ್ಜರಿ, ಬದನೆಕಾಯಿ, ಸಿಕ್ಕ ಸಿಕ್ಕ ಸೊಪ್ಪೆಲ್ಲ ಬೀಳುವ ಪಲ್ಯ ಅದು. ಒಬ್ಬರಿಂದ ಸೋಸಿ ಮುಗಿಯುವಂಥದ್ದಲ್ಲ. ನಾನು ಮಾರ್ಕೆಟ್ಟಿನಿಂದ ಬೇಕಂತಲೇ ಜಾಸ್ತಿ ತರುತ್ತೇನೆ. ಮಣೆ ನಾಲ್ಕು ಹಾಕುತ್ತೇನೆ. ಅವ್ವನ ಎದುರಿನ ಮಣೆಯಲ್ಲಿ ಮಾತ್ರ ನೀನು ಕೂರಬೇಡ, ಎಷ್ಟೇ ಕರೆದರೂ. ಮತ್ತೆ ಆ ಎಮ್ಮೆಯ ಸುದ್ದಿ ಅಪ್ಪನ ಮುಂದೆ ಬೇಡ. ಬರುವಾಗ ಖಡಕ್ ರೊಟ್ಟಿಯ ಖಾಲಿ ಡಬ್ಬಿ ತಗೊಂಡು ಬಾ, ಸಜ್ಜೆ ರೊಟ್ಟಿ ತುಂಬಿ ಕಳಿಸುತ್ತೇವೆ.

ನಿನ್ನ ದೋಸ್ತ,
ಕಲಬುರಗಿ