ಮುಚ್ಚಿದ ಕಾಲುವೆ ಮತ್ತೆ ತೆರೆದ ಊರು

ಮಾನ್ಯ ಸಂಪಾದಕರೇ,

ಕಳೆದ ಅಕ್ಟೋಬರ್‌ನಲ್ಲಿ ಮಗಳ ಮನೆಗೆಂದು ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ಗೆ ಹೋಗಿದ್ದೆ. ದಿನಾ ಬೆಳಿಗ್ಗೆ ಕಾಫಿ ಕುಡಿದು, ಫೋನ್ ಹಿಡಿದು ಔಡೆಗ್ರಾಕ್ಟ್ ಕಾಲುವೆ ಕಡೆ ಹೊರಡುತ್ತಿದ್ದೆ. ಅಲ್ಲಿ ಮೇಲೆ ರಸ್ತೆ, ಕೆಳಗೆ ನೀರಿನ ಪಕ್ಕದಲ್ಲೇ ಓಡಾಡುವ ಕಟ್ಟೆ. ಆ ಕಟ್ಟೆಗೆ ಬಾಗಿಲು ತೆರೆಯುವ ಹಳೇ ನೆಲಮಾಳಿಗೆಗಳು ರಸ್ತೆಯಡಿ ಹಾದು ಮನೆಗಳವರೆಗೂ ಹೋಗುತ್ತವೆ. ಹಿಂದೆ ದೋಣಿಯ ಸರಕು ಅಲ್ಲಿ ಇಡುತ್ತಿದ್ದರು. ಈಗ ಎಷ್ಟೋ ಕಡೆ ಹೋಟೆಲ್‌ಗಳಿವೆ.

ಒಂದು ದಿನ ಮೆಟ್ಟಿಲ ಮೇಲೆ ಕೂತು ಫೋನನ್ನು ನೀರಿಗೆ ಹತ್ತಿರ ಹಿಡಿದೆ. ಸೇತುವೆಯ ಕಮಾನು, ನೀರಲ್ಲಿ ಅದರ ಬಿಂಬ, ಎರಡೂ ಸೇರಿ ಪೂರ್ತಿ ಉಂಗುರ! ನಡುವೆ ಒಂದು ಹಳದಿ ಎಲೆ ಮೆಲ್ಲಗೆ ತೇಲಿ ಬಂತು. ಆ ಫೋಟೊ ಈಗ ನಮ್ಮ ಹಾಲ್‌ನಲ್ಲಿದೆ.

ನಾನು ಬರೆಯಲು ಕೂತದ್ದು ಅಲ್ಲಿನ ಇನ್ನೊಂದು ಕಾಲುವೆಗಾಗಿ. ಕ್ಯಾಥರೈನೆಸಿಂಗಲ್‌ನ ಒಂದು ಭಾಗವನ್ನು 1970ರ ದಶಕದಲ್ಲಿ ಕಾರುಗಳ ಹೆದ್ದಾರಿ ಮಾಡಿದ್ದರು. 2002ರಲ್ಲಿ ಊರಿನ ಜನ ನೀರೇ ಬೇಕೆಂದು ಮತ ಹಾಕಿದರು. 2020ರಲ್ಲಿ ನೀರು ವಾಪಸ್ ಬಂತು. ಹದಿನೆಂಟು ವರ್ಷ ಕಾದರು, ಆದರೂ ಬಿಡಲಿಲ್ಲ.

ನಮ್ಮ ಬೀದಿ ಕೊನೆಯ ರಾಜಕಾಲುವೆಗೆ ಗೋಡೆ, ಅದರ ಮೇಲೆ ತಂತಿಬಲೆ. ಮೂಗು ಮುಚ್ಚಿಕೊಂಡು ದಾಟುತ್ತೇವೆ. ಕೆರೆಯಿಂದ ಕೆರೆಗೆ ಮಳೆನೀರು ಒಯ್ಯಬೇಕಾದ ಕಾಲುವೆ ಅದು, ಅಲ್ವಾ? ಶಾಂತಿನಗರದ ಬಳಿ ರಾಜಕಾಲುವೆ ಪಕ್ಕ ನಡೆಯುವ ದಾರಿ ಮಾಡಿದ್ದಾರೆ. ಉಳಿದ ಕಡೆಯೂ ಆಗಲಿ. ಆದರೆ ಸುಮ್ನೆ ಬೆಂಚು ಹಾಕುವುದಲ್ಲ, ಮೊದಲು ಒಳಚರಂಡಿ ನೀರು ಸೇರುವುದನ್ನು ನಿಲ್ಲಿಸಲಿ. ಎಲ್ಲೆಲ್ಲಿ ಸೇರುತ್ತಿದೆ ಎಂದು ತೋರಿಸಲು ನಮ್ಮ ವಾಕಿಂಗ್ ಗುಂಪಿನ ಆರು ಜನ ಸಿದ್ಧರಿದ್ದೇವೆ.

– ನಿವೃತ್ತ ಶಿಕ್ಷಕಿ, ಜಯನಗರ, ಬೆಂಗಳೂರು